ಆಶ್ರಿತನ ಕತ್ತರಿ

ಬಾಗಿಲು ಬಡಿದ ಸದ್ದಾಯಿತು. ಒಮ್ಮೆ, ತುಸು ತಡೆದು ಮತ್ತೊಮ್ಮೆ.

ಕ್ಷೌರಿಕನ ಕತ್ತರಿ ಮನೆ ಮಾಲೀಕರ ಎಡಕಿವಿಯ ಮೇಲೆ ನಿಂತುಬಿಟ್ಟಿತು. ಅಡುಗೆಮನೆಯ ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಕುತ್ತಿಗೆಯವರೆಗೂ ಹಾಸಿಗೆಯ ಹೊದಿಕೆ ಸುತ್ತಿಕೊಂಡ ಮಾಲೀಕರು, ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಗಳ ಮೇಲೆ ಅವರ ನರೆಗೂದಲು. ಬಲಗಡೆಯ ತಲೆ ಮುಗಿದಿತ್ತು. ಎಡಗಡೆ ಇನ್ನೂ ಕಾಡು.

“ಈ ಹೊತ್ತಲ್ಲಿ ಯಾರಪ್ಪಾ?”

“ಅವಳೇ ಇರಬೇಕು ಮಾವ. ಕೀ ಮರೆತು ಹೋಗಿರ್ತಾಳೆ” ಎಂದ ಕ್ಷೌರಿಕ. ಮಾಲೀಕರನ್ನು ಅವನು ಕರೆಯುತ್ತಿದ್ದುದೇ ಹಾಗೆ.

ಅವನ ಹೆಂಡತಿ ಅಂದು ಸಂಜೆ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದಳು. ಎಂದೂ ಇಲ್ಲದೆ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಆದರೆ ಬಾಗಿಲಲ್ಲಿ ನಿಂತವಳು ಹೆಂಡತಿಯಲ್ಲ. ಯಾರೋ ನಡುವಯಸ್ಸಿನ ಹೆಂಗಸು. ಹಿಂದೆ ಎತ್ತರದ ಒಬ್ಬ ಗಂಡಸು. ಇಬ್ಬರ ಕುತ್ತಿಗೆಯಲ್ಲೂ ಗುರುತಿನ ಚೀಟಿ ತೂಗುತ್ತಿತ್ತು. ಹೆಂಗಸು ತಾನಾರೆಂದು ಹೇಳಲಿಲ್ಲ. ಅವನ ಭುಜದ ಮೇಲಿನ ಟವೆಲನ್ನು ನೋಡಿದಳು, ಕೈಯಲ್ಲಿದ್ದ ಕತ್ತರಿಯನ್ನು ನೋಡಿದಳು, ಅವನನ್ನು ದಾಟಿ ಕುರ್ಚಿಯಲ್ಲಿದ್ದ ಅರ್ಧ ತಲೆಯನ್ನು ನೋಡಿದಳು.

“ಒಳಗೆ ಬರಬಹುದಾ?”

ಅವನು ಪಕ್ಕಕ್ಕೆ ಸರಿದ. ಗಂಡಸು ಮೊದಲು ಕೂದಲಿನ ಫೋಟೋ ತೆಗೆದ. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಅಕ್ಕಿಯ ಚೀಲದ ಫೋಟೋ ತೆಗೆದ.

“ಈ ಅಕ್ಕಿ ಎಲ್ಲಿಂದ ಬಂತು?” ಹೆಂಗಸು ಕೇಳಿದಳು.

“ಮಾವ ಕೊಟ್ಟಿದ್ದು.”

“ಯಾತಕ್ಕೆ?”

“ಪ್ರೀತಿಗೆ” ಎಂದರು ಮಾಲೀಕರು, ಹೊದಿಕೆಯೊಳಗಿಂದ ಕೈ ಹೊರತೆಗೆಯಲಾಗದೆ ಒದ್ದಾಡುತ್ತ.

ಅಷ್ಟು ಹೊತ್ತಿಗೆ ಒಳಕೋಣೆಯ ಬಾಗಿಲು ತೆರೆಯಿತು. ಕ್ಷೌರಿಕನ ತಾಯಿಗೆ ಕಿವಿ ಮಂದ. ಮಲಗುವ ಹೊತ್ತಿಗೆ ಕಿವಿಯ ಮಿಷನ್ ತೆಗೆದಿಟ್ಟರಂತೂ ಗುಡುಗೂ ಪಿಸುಮಾತೇ. ಮುದುಕಿ ಕಣ್ಣು ಕಿರಿದು ಮಾಡಿ ಬಂದವರನ್ನು ನೋಡಿ, ತನಗೆ ತಾನೇ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

“ಕಟಿಂಗಿಗೆ ಬಂದೋರಾ? ಕೂತ್ಕೊಳ್ಳೋಕೆ ಹೇಳೋ. ಇವರದ್ದು ಆದ್ಮೇಲೆ ಅವರದ್ದು!”

ಬಂದ ಹೆಂಗಸು ಕೈ ಚಾಚಿದಳು. “ನಿಮ್ಮ ಕಾರ್ಡ್ ಕೊಡಿ.”

ಆ ಕಾರ್ಡಿನ ಮೇಲೆ ಅವನ ಮುಖದ ಪಕ್ಕದಲ್ಲಿ ಎರಡು ಸಾಲುಗಳಿದ್ದವು. ‘ವಿದ್ಯಾರ್ಥಿಯ ಆಶ್ರಿತ’ ಎಂಬುದು ಮೊದಲನೆಯದು. ‘ದುಡಿಮೆಗೆ ಅವಕಾಶವಿಲ್ಲ’ ಎಂಬುದು ಎರಡನೆಯದು.

* * *

ವಿದ್ಯಾರ್ಥಿ ಎಂದರೆ ಅವನ ಹೆಂಡತಿ. ಕಿವಿಯ ಶಕ್ತಿಯನ್ನು ಅಳೆಯುವ ವಿದ್ಯೆ ಕಲಿಯಲು ಈ ದೇಶದ ಕಾಲೇಜು ಅವಳಿಗೆ ಸೀಟು ಕೊಟ್ಟಿತ್ತು. ತಮ್ಮೂರಿನಲ್ಲಿ ಕ್ಷೌರಿಕನಿಗೆ ಮೂರು ಕುರ್ಚಿಗಳ ಅಂಗಡಿಯಿತ್ತು; ಅದನ್ನು ಮಾರಿ ಅವಳ ಹಿಂದೆ ಬಂದಿದ್ದ. ಅವನೂ ಮಗಳೂ ಅವಳ ವೀಸಾದ ಬಾಲ ಹಿಡಿದು ಬಂದ ಆಶ್ರಿತರು. ಮೊಮ್ಮಗಳನ್ನು ನೋಡಲೆಂದು ಅವನ ತಾಯಿ ಆಮೇಲೆ ಆರು ತಿಂಗಳ ಭೇಟಿಯ ವೀಸಾದಲ್ಲಿ ಬಂದಿದ್ದಳು.

ಮಗಳಿಗೆ ಎಂಟು ವರ್ಷ. ಹುಟ್ಟಿದ ದಿನದಿಂದ ಒಂದೇ ಎಳೆಯಲ್ಲಿ ಕುಯ್ಯೋ ಎನ್ನುತ್ತಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ‘ಪಿಟೀಲು’.

ಹೆಂಡತಿಯ ವೀಸಾಕ್ಕೆ ಷರತ್ತುಗಳು ಒಂದೆರಡಲ್ಲ. ಒಂದು ತರಗತಿಯೂ ತಪ್ಪಬಾರದು. ಒಂದು ವಿಷಯವನ್ನೂ ಬಿಡಬಾರದು. ಕಾಲೇಜಿನ ಆವರಣದಲ್ಲಷ್ಟೇ, ಅದೂ ಗೊತ್ತಾದ ಗಂಟೆಗಳಷ್ಟೇ ದುಡಿಯಬೇಕು. ಮನೆ ಬದಲಿಸಿದರೆ ತಿಳಿಸಬೇಕು. ಗಂಡ, ಮಗು ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸಬೇಕು.

“ಓದೋಕೊಂದು ವೀಸಾ, ಓದೋಳ ಗಂಡನಿಗೊಂದು ವೀಸಾ” ಎನ್ನುತ್ತಿದ್ದಳು ಮುದುಕಿ. “ಉಸಿರಾಡೋಕೆ ಯಾವ ಕಚೇರಿಗೆ ಹೋಗ್ಬೇಕಂತೆ ಕೇಳೇ, ಸೊಸೆ!”

ಮೊದಲ ಕೆಲವು ತಿಂಗಳು ಕ್ಷೌರಿಕ ಅನ್ನ ಬೇಯಿಸಿದ, ಪಾತ್ರೆ ತೊಳೆದ, ಪಿಟೀಲನ್ನು ಶಾಲೆಗೆ ಬಿಟ್ಟು ಬಂದ. ಬೀದಿಯಲ್ಲಿ ಹೋಗುವವರ ಮುಖ ನೋಡುವ ಬದಲು ಕತ್ತಿನ ಹಿಂದಿನ ಕೂದಲಂಚು ನೋಡುತ್ತ ನಿಲ್ಲುವ ಚಟ ಹತ್ತಿತು. “ಅಯ್ಯೋ, ಇವನ ತಲೇನ ಯಾರೋ ಕುಡುಗೋಲಲ್ಲಿ ಕೊಯ್ದಿದ್ದಾರೆ” ಎಂದು ಸಂಕಟಪಡುತ್ತಿದ್ದ. ಒಂದು ದಿನ ಕೆಳಗಿನ ಮನೆಯಲ್ಲಿದ್ದ ಮಾಲೀಕರೇ ಮೆಟ್ಟಿಲಲ್ಲಿ ನಿಂತು, “ನನ್ನ ಮೊಮ್ಮಗನ ಮದುವೆ ಇದೆ ಕಣಪ್ಪ, ನನ್ನ ತಲೆ ಸ್ವಲ್ಪ ನೋಡ್ತೀಯಾ?” ಎಂದರು. ಅವನು ಹಣ ಮುಟ್ಟಲಿಲ್ಲ. ಮರುದಿನ ಅವರೇ ಅಕ್ಕಿ ತಂದಿಟ್ಟರು. ಆಮೇಲೆ ಪಕ್ಕದ ಮನೆಯವರು, ಅವರ ಭಾವಮೈದುನ, ಭಾವಮೈದುನನ ಗೆಳೆಯರು. ಎಣ್ಣೆಯ ಡಬ್ಬ ಬಂತು, ಈರುಳ್ಳಿ ಬಂತು, ಪಿಟೀಲಿಗೆ ಒಂದು ಹಳೆಯ ಸೈಕಲ್ಲೂ ಬಂತು. ಕೈಗೆ ಕಾಸು ತಾಕದಿದ್ದರೆ ಅದು ದುಡಿಮೆಯಲ್ಲ ಎಂದು ಅವನು ಮನಸಾರೆ ನಂಬಿದ್ದ.

ಹೆಂಡತಿ ನಂಬಿರಲಿಲ್ಲ. ಬಾಗಿಲು ಬಡಿಯುವುದಕ್ಕೆ ಮೂರು ವಾರ ಮೊದಲು ಊಟದ ಹೊತ್ತಿನಲ್ಲಿ ಅದೇ ಮಾತು ಬಂದಿತ್ತು.

“ಮುಂದಿನ ತಿಂಗಳು ವೀಸಾ ನವೀಕರಣ ರೀ. ನನ್ನ ಆಶ್ರಿತರು ಯಾರೂ ದುಡಿದಿಲ್ಲ ಅಂತ ಈ ಸಲ ಸಹಿ ಹಾಕ್ಬೇಕು.”

“ಹಾಕು. ಯಾರು ದುಡಿದಿದ್ದಾರೆ?”

“ಈ ತಟ್ಟೇಲಿರೋ ಅನ್ನ?”

“ಅನ್ನ ಅನ್ನ. ಸಂಬಳ ಸಂಬಳ. ಎರಡೂ ಒಂದೇನಾ?”

“ಒಂದೇ ಅಂತೆ. ಕಾಲೇಜಿನ ವೀಸಾ ಮೀಟಿಂಗಲ್ಲಿ ಕೇಳಿದೆ, ಯಾರದ್ದೋ ಮನೆ ಕಥೆ ಅನ್ನೋ ಹಾಗೆ. ಈರುಳ್ಳಿ ತಗೊಂಡ್ರೂ ದುಡಿಮೇನೇ ಅಂದ್ರು. ಸಹಿಗೆ ಮುಂಚೆ ಗೊತ್ತಾದ್ರೆ ದುಡಿದವರ ಕಾರ್ಡ್ ಮಾತ್ರ ಹೋಗುತ್ತೆ. ಸಹಿ ಆದ್ಮೇಲೆ ಸಿಕ್ಕಿಬಿದ್ರೆ ಸುಳ್ಳು ಸಹಿ ಅಂತ ನನ್ನ ವೀಸಾನೂ ಹೋಗುತ್ತೆ. ಕೋರ್ಸು ಅಲ್ಲಿಗೆ ಮುಗೀತು. ಒಂದೇ ಒಂದು ಟರ್ಮ್ ಇದೆ ರೀ.”

“ಏನಂತೆ ಅವಳು?” ಮುದುಕಿ ಮಗನನ್ನು ಕೇಳಿದಳು.

“ಕೈ ಕಟ್ಕೊಂಡು ಕೂತ್ಕೋ ಅಂತಿದ್ದಾಳೆ.”

“ಗಂಡಸು ಕೈ ಕಟ್ಕೊಂಡು ಕೂತ್ರೆ ತುಕ್ಕು ಹಿಡೀತಾನೆ ಕಣೇ. ನಡೀರಿ, ಎಲ್ರೂ ಊರಿಗೆ ಹೋಗೋಣ. ಮೂರು ಕುರ್ಚಿ ಇಲ್ದಿದ್ರೆ ಒಂದು ಹಾಕಿದ್ರಾಯ್ತು.”

“ಅತ್ತೆ, ಆ ಕುರ್ಚಿ ಮಾರಿದ್ದೇ ಈ ಓದಿಗೆ.”

ಕೊನೆಗೆ ಕ್ಷೌರಿಕ ಎಡಗೈಯನ್ನು ಪಕ್ಕದಲ್ಲಿ ಕುಳಿತಿದ್ದ ಪಿಟೀಲಿನ ನೆತ್ತಿಯ ಮೇಲಿಟ್ಟ. “ಸರಿ. ಇವಳ ತಲೆ ಮುಟ್ಟಿ ಹೇಳ್ತೀನಿ. ಇನ್ನು ಕತ್ತರಿ ಹಿಡಿಯಲ್ಲ.”

“ನಂದು ಯಾಕಪ್ಪಾ?” ಎಂದಿತು ಪಿಟೀಲು. “ನಿಂದೇ ತಲೆ ಮುಟ್ಕೋ.”

ಎಲ್ಲರೂ ಮಲಗಿದ ಮೇಲೆ, ಎಂದಿನಂತೆ, ಅವನು ಹೆಂಡತಿಯ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದ. ಅವಳದು ಬಾಚಣಿಗೆಗೆ ಬಗ್ಗದ ಗುಂಗುರು. ಮದುವೆಯಾದ ಹೊಸದರಲ್ಲಿ ಅವನ ಅಂಗಡಿಯ ಅತಿ ಗಟ್ಟಿ ಬಾಚಣಿಗೆಯ ಎರಡು ಹಲ್ಲುಗಳು ಆ ತಲೆಯಲ್ಲಿ ಮುರಿದಿದ್ದವು. ಅಂದು ಅವನು ಇಟ್ಟ ಅಡ್ಡಹೆಸರು ಆ ಕೋಣೆಯ ನಾಲ್ಕು ಗೋಡೆ ದಾಟಿ ಯಾರ ಕಿವಿಗೂ ಬಿದ್ದಿರಲಿಲ್ಲ. ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ.

“ಸಿಕ್ಕಿಬಿದ್ರೆ ತಾನೆ ಭಯ, ಸಿಕ್ಕಮ್ಮಾ?” ಅವನು ನಗುತ್ತ ಹೇಳಿದ.

ಅವಳು ನಗಲಿಲ್ಲ.

ಆಣೆ ಒಂದು ವಾರ ಬಾಳಿತು. ಆಮೇಲೊಂದು ಸಂಜೆ ಅವಳು ಸಿಂಕಿನ ಜಾಲರಿಯಿಂದ ಬೆರಳಲ್ಲಿ ಏನನ್ನೋ ಎತ್ತಿ ಹಿಡಿದಳು.

“ಈ ಬಿಳಿ ಕೂದಲು ಯಾರದು?”

“ಅಮ್ಮಂದು ಇರಬೇಕು.”

“ಅತ್ತೆ ಕೂದಲು ಒಂದು ಮೊಳ ಇದೆ.”

ಅವನು ಒಲೆಯ ಉರಿ ತಗ್ಗಿಸಲು ತಿರುಗಿದ. ಅವಳು ಅದನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದಳು. ಮತ್ತೆ ಆ ಮಾತೆತ್ತಲಿಲ್ಲ. ಹೆಂಡತಿ ಸೋತಳೆಂದು ಕ್ಷೌರಿಕ ತಿಳಿದ.

* * *

ಕಾರ್ಡು ಹೋದ ರಾತ್ರಿ ಹೆಂಡತಿ ಮಗಳ ಕೈಹಿಡಿದು ಬಂದಾಗ ಅವನು ಅದೇ ಕುರ್ಚಿಯಲ್ಲಿ ಕುಳಿತಿದ್ದ. ನೆಲದ ಮೇಲಿನ ಕೂದಲು ಹಾಗೆಯೇ ಇತ್ತು. ಅವಳು ಬ್ಯಾಗು ಕೆಳಗಿಟ್ಟು, ಏನೊಂದೂ ಕೇಳದೆ, ಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು.

“ಬೈಯೋದಾದ್ರೆ ಬೈದುಬಿಡು.”

“ಕಾಲೆತ್ತಿ” ಎಂದಳು ಅವಳು. “ಅಲ್ಲೂ ಇದೆ.”

“ಯಾರೋ ಫೋನ್ ಮಾಡಿ ಹೇಳಿದ್ದಾರಂತೆ. ವೀಸಾ ಕಚೇರಿಯವಳು ಹೋಗೋವಾಗ ಅಂದ್ಲು. ಇಂಥ ದಿನ ಬನ್ನಿ, ಕೈಯಲ್ಲಿ ಕತ್ತರಿ ಇರುತ್ತೆ ಅಂತ ಹೇಳಿದ್ದಾರೆ! ಯಾರು ಅಂತ ಗೊತ್ತಾಗ್ಲಿ, ಅವರ ಹೊಟ್ಟೆ ತಣ್ಣಗಿರಲ್ಲ.”

ಪಿಟೀಲು ಅಳತೊಡಗಿತು. ಅವಳು ಪೊರಕೆ ಬಿಟ್ಟು ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ವಿಚಾರಣೆಗೆ ಮೂರು ವಾರಗಳಿದ್ದವು. ಅಷ್ಟೂ ದಿನ ಕ್ಷೌರಿಕನಿಗೆ ಒಂದೇ ಕೆಲಸ. ಮೊದಲು ಅವನು ಹೋದದ್ದು ಎದುರು ಬೀದಿಯ ಸಲೂನಿಗೆ. ಅದರ ಯಜಮಾನನನ್ನು ಊರೆಲ್ಲ ಮೀಸೆ ಎಂದೇ ಕರೆಯುತ್ತಿತ್ತು.

“ನಿಮ್ಮ ಗಿರಾಕಿಗಳು ನನ್ನ ಹತ್ರ ಬಂದ್ರು ಅಂತ, ಇಂಥ ದಿನ ಬನ್ನಿ ಅಂತ ಕಚೇರಿಗೆ ಫೋನ್ ಮಾಡಿ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ, ನ್ಯಾಯಾನಾ?”

ಮೀಸೆ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುವುದನ್ನು ನಿಲ್ಲಿಸಲಿಲ್ಲ. “ನಾನಾ? ನಿಮ್ಮ ಮಾಲೀಕರ ತಲೆ ನೋಡಿ, ಇಂಥ ಕೈ ನಮ್ಮಲ್ಲಿರ್ಬೇಕು ಅಂತ ಕೆಲಸ ಕೊಡೋಕೆ ಹೊರಟಿದ್ದೆ ಕಣ್ರೀ. ನಿಮ್ಮ ಕಾರ್ಡಲ್ಲಿ ಅವಕಾಶ ಇಲ್ಲ ಅಂತ ಅವರೇ ಅಂದ್ರು. ಬಿಟ್ಟೆ. ನೀವು ಯಾವ ದಿನ ಕತ್ತರಿ ಹಿಡೀತೀರಿ ಅಂತ ಬೀದೀಲಿರೋನಿಗೆ ಗೊತ್ತಿರುತ್ತಾ? ಮನೆ ಒಳಗಿನ ಸುದ್ದಿ ಬೀದೀಲಿ ಹುಡುಕ್ಬೇಡಿ.”

ಆ ಮಾತು ಅವನ ಕಿವಿಯಲ್ಲಿ ಮುಳ್ಳಾಯಿತು. ಅವನು ಮಾಲೀಕರ ಬಾಗಿಲಿಗೆ ಹೋದ. ಮಾಲೀಕರು ಮನೆಯೊಳಗೂ ಟೋಪಿ ಹಾಕಿಕೊಂಡೇ ಇದ್ದರು.

“ಅನುಮಾನ ಪಡ್ತೀಯೇನೋ? ನೋಡಿಲ್ಲಿ!” ಅವರು ಟೋಪಿ ಕಿತ್ತು ಹಿಡಿದರು. ಒಂದು ಕಡೆ ನುಣುಪು, ಇನ್ನೊಂದು ಕಡೆ ಪೊದೆ. “ದೂರು ಕೊಡೋನು ಪೂರ್ತಿ ಕಟಿಂಗ್ ಮಾಡಿಸ್ಕೊಂಡು ಕೊಡಲ್ವೇನಯ್ಯ? ಅರ್ಧ ತಲೇಲಿ ಕೊಡ್ತಾನಾ? ಮೊಮ್ಮಗ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳಿಸಿದ್ದಾನೆ.”

“ಮೀಸೆ ಹತ್ರ ಸರಿ ಮಾಡಿಸ್ಕೊಳ್ಳಿ ಮಾವ.”

“ಅವನ ಕತ್ತರಿ ಕೆಳಗೆ ನಾನು ಕೂರಲ್ಲ. ನೀನು ಮುಗಿಸಬಾರದೇನೋ, ಇನ್ನೇನು ಹೋಗೋದಿದೆ?”

ಕ್ಷೌರಿಕನ ಬೆರಳುಗಳು ಮಿಡುಕಿದವು. ಮುಗಿಸಲಿಲ್ಲ. ಮೆಟ್ಟಿಲು ಹತ್ತುತ್ತ ಲೆಕ್ಕ ಹಾಕಿದ: ಬೀದಿಯವರಲ್ಲ, ಕೆಳಗಿನವರಲ್ಲ. ಊರಿಗೆ ಹೋಗೋಣ ಎಂದು ಹಗಲಿರುಳು ಜಪಿಸಿದವರು ಯಾರು? ಬಂದವರ ಮುಂದೆ ‘ಇವರದ್ದು ಆದ್ಮೇಲೆ ಅವರದ್ದು’ ಎಂದು ಸಾರಿದವರು ಯಾರು?

ಮುದುಕಿ ಬೇಳೆ ಆರಿಸುತ್ತ ಕುಳಿತಿದ್ದಳು. ಹೆಂಡತಿ ಸಿಂಕಿನ ಬಳಿ ಅಕ್ಕಿ ತೊಳೆಯುತ್ತಿದ್ದಳು.

“ಅಮ್ಮಾ, ಫೋನ್ ಮಾಡಿಸಿದ್ದು ನೀನೇನಾ?”

“ಯಾವ ಫೋನೋ?”

“ನಾಟಕ ಆಡ್ಬೇಡ. ನಿಂಗೆ ಊರಿಗೆ ಹೋಗ್ಬೇಕಿತ್ತು. ಒಬ್ಳೇ ಹೋಗೋ ಬದ್ಲು ನನ್ನನ್ನೂ ಎಳ್ಕೊಂಡು ಹೋಗೋಣ ಅಂತ ಪ್ಲಾನ್ ಮಾಡಿದೀಯ.”

“ರೀ, ಅತ್ತೇನ ಬಿಡಿ” ಎಂದಳು ಹೆಂಡತಿ, ತಿರುಗದೆ.

“ನೀನು ಸುಮ್ನಿರು. ಇದು ತಾಯಿ ಮಗನ ಮಾತು.”

“ನಂಗೆ ಫೋನಲ್ಲಿ ಯಾರು ಏನಂದ್ರೂ ಕೇಳಿಸಲ್ಲ ಕಣೋ” ಮುದುಕಿಯ ಕೈ ಮೊರದಲ್ಲೇ ನಿಂತಿತು. “ನಾನ್ಯಾರಿಗೆ ಮಾಡ್ಲಿ?”

“ಮಾಡಿಸಿರ್ತೀಯ. ಪಕ್ಕದ ಮನೆಯವರ ಕೈಲೋ ಯಾರ ಕೈಲೋ. ಅವತ್ತು ಬೇಕೂ ಅಂತಲೇ ಹೊರಗೆ ಬಂದು ಕೂಗಿದೆ.”

“ರೀ, ದಯವಿಟ್ಟು ಬಿಡಿ ಅಂದ್ನಲ್ಲ! ಅವರಲ್ಲ!”

“ಹಾಗಾದ್ರೆ ಯಾರು? ನೀನು ಹೇಳು, ಯಾರು?”

ಹೆಂಡತಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಅಕ್ಕಿಯ ಪಾತ್ರೆ ತುಂಬಿ, ಅಕ್ಕಿಕಾಳುಗಳನ್ನೂ ಹೊತ್ತು ಸಿಂಕಿಗೆ ಹರಿಯಿತು.

ಮುದುಕಿ ನಿಧಾನವಾಗಿ ಕಿವಿಯ ಹಿಂದೆ ಕೈಹಾಕಿ ಮಿಷನ್ ತೆಗೆದು ಮೇಜಿನ ಮೇಲಿಟ್ಟಳು. ಕಾಲೇಜಿನಲ್ಲಿ ಯಾರ್ಯಾರನ್ನೋ ಕೇಳಿ, ಅತ್ತೆಯ ಕಿವಿಗೆ ಸರಿಯಾಗಿ ಹೊಂದಿಸಿ ಸೊಸೆಯೇ ತಂದುಕೊಟ್ಟಿದ್ದ ಮಿಷನ್ ಅದು.

“ಹೆತ್ತ ಮಗನ ಬಾಯಲ್ಲಿ ಈ ಮಾತು ಕೇಳೋಕೆ ಇದು ಬೇಕಾಗಿತ್ತಾ ನಂಗೆ?” ಎಂದಳು.

ಅಂದಿನಿಂದ ಮುದುಕಿ ಮೇಜಿಗೆ ಊಟಕ್ಕೆ ಬರಲಿಲ್ಲ. ಸೊಸೆ ತಟ್ಟೆಯನ್ನು ಕೋಣೆಗೇ ಒಯ್ದು ಕೊಡುತ್ತಿದ್ದಳು. ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಅಲ್ಲೇ ಕುಳಿತಿರುತ್ತಿದ್ದಳು. ಭೇಟಿಯ ವೀಸಾ ಮುಗಿಯಲು ಇನ್ನೂ ದಿನಗಳಿದ್ದವು. ಮುದುಕಿ ಕಾಯಲಿಲ್ಲ. ಹೊರಟ ದಿನ ಪಿಟೀಲು ಮಿಷನ್ ಹಿಡಿದುಕೊಂಡು ಟ್ಯಾಕ್ಸಿಯವರೆಗೂ ಓಡಿತು.

“ಅಜ್ಜೀ, ಕಿವಿ ಮರ್ತೆ!”

ಅಜ್ಜಿಗೆ ಕೇಳಿಸಲಿಲ್ಲ. ಕ್ಷೌರಿಕ ಕಿಟಕಿಯ ಬಳಿ ನಿಂತು ನೋಡಿದ. ಕೆಳಗಿಳಿಯಲಿಲ್ಲ.

* * *

ವಿಚಾರಣೆ ನಡೆಸಿದವಳು ಅಂದು ರಾತ್ರಿ ಬಂದಿದ್ದ ಹೆಂಗಸೇ.

“ಹಣ ಮುಟ್ಟಿಲ್ಲ ಮೇಡಂ. ಬೇಕಾದ್ರೆ ಯಾರನ್ನಾದ್ರೂ ಕೇಳಿ.”

“ನಿಮ್ಮೂರಲ್ಲಿ ನಿಮ್ಮ ಅಂಗಡಿಗೆ ಬಂದವರು ಕಾಸಿನ ಬದಲು ಅಕ್ಕಿ ಕೊಟ್ಟಿದ್ರೆ ಬೇಡ ಅಂತಿದ್ರಾ?”

ಪಕ್ಕದಲ್ಲಿ ಕುಳಿತ ಹೆಂಡತಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ತೀರ್ಪು ಐದು ನಿಮಿಷವೂ ಹಿಡಿಯಲಿಲ್ಲ. ವಿದ್ಯಾರ್ಥಿ ಇನ್ನೂ ಸಹಿ ಹಾಕಿರದ ಕಾರಣ ಆಕೆಯ ವೀಸಾಕ್ಕೆ ಧಕ್ಕೆಯಿಲ್ಲ; ಓದು ಮುಂದುವರಿಸಬಹುದು. ಆಶ್ರಿತ ಎರಡು ವಾರಗಳಲ್ಲಿ ದೇಶ ಬಿಡಬೇಕು. ಮುಂದೆ ಐದು ವರ್ಷ ಅರ್ಜಿ ಹಾಕುವಂತಿಲ್ಲ.

“ನನ್ನ ಮಗಳು?”

“ಮಗು ವಿದ್ಯಾರ್ಥಿಯ ಆಶ್ರಿತೆ. ನಿಮ್ಮ ಆಶ್ರಿತೆ ಅಲ್ಲವಲ್ಲ.”

ಮನೆಯ ಮೆಟ್ಟಿಲಲ್ಲಿ ಅವನು ಅವಳ ದಾರಿಗೆ ಅಡ್ಡ ನಿಂತ.

“ನೀನೂ ಬಾ. ಪಿಟೀಲನ್ನೂ ಕರ್ಕೊಂಡು ಹೋಗೋಣ.”

“ಒಂದು ಟರ್ಮ್ ಇದೆ.”

“ಒಂದು ಟರ್ಮ್ ಗಂಡನಿಗಿಂತ ಹೆಚ್ಚಾ?”

“ನಿಮ್ಮ ಮೂರು ಕುರ್ಚಿ ನಮಗಿಂತ ಹೆಚ್ಚಾಗಿರ್ಲಿಲ್ಲ. ಅದಕ್ಕೇ ತಾನೆ ಮಾರಿದ್ರಿ. ಅದು ಮಣ್ಣುಪಾಲಾಗ್ಲಾ? ಬರಿಗೈಲಿ ವಾಪಸ್ ಹೋಗಿ ಊರ ಮುಂದೆ ಇಬ್ಬರೂ ನಿಂತ್ಕೊಳ್ಳೋಣವಾ?” ಅವಳು ಅವನನ್ನು ಸರಿಸಿ ಒಂದು ಮೆಟ್ಟಿಲು ಹತ್ತಿದಳು. “ಒಂದು ವಾರ, ಬರೀ ಒಂದು ವಾರ ತಡ್ಕೊಂಡ್ರಿ ನೀವು. ಮಗು ತಲೆ ಮುಟ್ಟಿ ಹೇಳಿ ಒಂದು ವಾರ!”

“ಈಗ ಚುಚ್ಚು. ಚುಚ್ಚೋಕೂ ವೀಸಾ ಕೊಟ್ಟಿದ್ದಾರಾ ನಿಂಗೆ?”

ಕೆಳಗಿನ ಬಾಗಿಲು ಕಿರ್ರೆಂದಿತು. ಮಾಲೀಕರ ಟೋಪಿ ಇಣುಕಿ ಮರೆಯಾಯಿತು.

ಆ ಎರಡು ವಾರ ಅವಳು ಎಂದಿಗಿಂತ ಬೇಗ ಎದ್ದು ಅವನಿಗಿಂತ ಮೊದಲೇ ಅಡುಗೆ ಮುಗಿಸುತ್ತಿದ್ದಳು. ಅವನ ಅಂಗಿಗಳ ಗುಂಡಿ ಹೊಲಿದಳು. ಅವನು ಬೇಡವೆಂದರೂ ಕತ್ತರಿಗಳನ್ನು ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕಿಟ್ಟಳು. ಅವಳ ಈ ಉಪಚಾರ ಕಂಡಷ್ಟೂ ಅವನಿಗೆ ಫೋನ್ ಮಾಡಿದ ಆ ಕಾಣದ ಬಾಯಿಯ ಮೇಲೆ ಸಿಟ್ಟು ಏರುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಪಿಟೀಲನ್ನು ಶಾಲೆಗೆ ಬಿಟ್ಟು ಬಂದಾಗ ಹೆಂಡತಿ ಅಡುಗೆಮನೆಯ ನಡುವೆ ಕುರ್ಚಿ ಹಾಕಿ, ಪತ್ರಿಕೆ ಹಾಸಿ, ಹೊದಿಕೆ ಸುತ್ತಿಕೊಂಡು ಕುಳಿತಿದ್ದಳು. ಪೆಟ್ಟಿಗೆಯಿಂದ ಒಂದು ಕತ್ತರಿ ಹೊರಬಂದು ಮೇಜಿನ ಮೇಲಿತ್ತು.

“ಇದೇನಿದು?”

“ಕತ್ತರಿಸಿಬಿಡಿ. ಇನ್ನು ಬಿಡಿಸೋರು ಯಾರಿದ್ದಾರೆ?”

ಅವನು ಬಹಳ ಹೊತ್ತು ಆ ಕೂದಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೊನೆಗೆ ನೀರು ಚಿಮುಕಿಸಿದ. ಮೊದಲ ಗುಂಗುರು ಪತ್ರಿಕೆಯ ಮೇಲೆ ಬಿತ್ತು.

“ರೀ, ನಿಮಗೊಂದು ಮಾತು ಹೇಳ್ಬೇಕಿತ್ತು.”

“ತಲೆ ಅಲ್ಲಾಡಿಸ್ಬೇಡ.”

“ಅವತ್ತಿನ ವಿಷಯ. ಫೋನ್...”

“ಆ ವಿಷಯ ಬೇಡ ಇವತ್ತು. ಅಮ್ಮಂದೇ ಕೆಲಸ. ನಂಗೆ ಗೊತ್ತು. ಊರಿಗೆ ಹೋದ್ರೂ ಅವಳ ಮನೆ ಹೊಸ್ತಿಲು ತುಳಿಯಲ್ಲ ನಾನು.”

ಅವಳು ಹೊದಿಕೆಯ ಕೆಳಗೆ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡಳು. ಅವಳ ಬೆನ್ನು ಒಮ್ಮೆ ನಡುಗಿತು. ಚಳಿಯಿರಬೇಕೆಂದು ಅವನು ಕಿಟಕಿ ಮುಚ್ಚಿದ.

“ಕಾರ್ಡ್ ರದ್ದಾದ ಚೀಟಿ ತಗೊಳ್ಳೋಕೆ ಕಚೇರಿಗೆ ಹೋಗ್ತೀರಲ್ಲ” ಎಂದಳು ಅವಳು, ಎಲ್ಲ ಮುಗಿದ ಮೇಲೆ, ಬರಿದಾದ ಕತ್ತಿನ ಮೇಲೆ ಕೈಯಾಡಿಸುತ್ತ. “ಅಲ್ಲೇ ಕೇಳಿ. ಯಾರು ಅಂತ. ಅತ್ತೇನ ಶಪಿಸೋಕೆ ಮುಂಚೆ ಅವರನ್ನ ಒಂದ್ಸಲ ಕೇಳಿ.”

* * *

ಕಚೇರಿಯ ಹೆಂಗಸು ಚೀಟಿಗೆ ಮುದ್ರೆಯೊತ್ತಿ ಮುಂದೆ ಸರಿಸಿದಳು.

“ಮೇಡಂ, ಒಂದು ಮಾತು. ನನ್ನ ಮೇಲೆ ದೂರು ಕೊಟ್ಟಿದ್ದು ಯಾರು?”

ಆಕೆ ತಲೆಯೆತ್ತಿದಳು. “ಇಷ್ಟು ದಿನ ಯಾಕೆ ಕೇಳಲಿಲ್ಲ?”

“ಕೇಳಿದ್ರೂ ನೀವು ಹೇಳಲ್ಲ ಅಂದ್ಕೊಂಡೆ.”

“ಗುಟ್ಟಾಗಿಡಿ ಅಂದಿದ್ರೆ ಹೇಳ್ತಿರಲಿಲ್ಲ. ಆದ್ರೆ ಅವರು ಹಾಗನ್ನಲಿಲ್ಲ. ಅವರಾಗಿ ಕೇಳಿದ್ರೆ ಹೇಳಿಬಿಡಿ ಅಂದ್ರು. ಫೋನ್ ಎತ್ತಿದ್ದು ನಾನೇ, ಚೆನ್ನಾಗಿ ನೆನಪಿದೆ. ಹೆಂಗಸಿನ ಧ್ವನಿ. ಮಾತಿಗಿಂತ ಅಳುವೇ ಹೆಚ್ಚು.”

ಹೆಂಗಸಿನ ಧ್ವನಿ! ಕ್ಷೌರಿಕ ಹಲ್ಲು ಕಚ್ಚಿದ. ತಾಯಿಯೇ. ಅವನ ಕಣ್ಣೆದುರು ಮೇಜಿನ ಮೇಲೆ ಬಿಟ್ಟುಹೋದ ಮಿಷನ್ ಹಾದುಹೋಯಿತು; ಎದೆ ಕಲ್ಲಾಯಿತು.

“ಹೆಸರು ಹೇಳಿದ್ರಾ?”

“ಹೇಳಿದ್ರು. ನಿಜವಾದ ಹೆಸರೋ ಅಲ್ವೋ ಗೊತ್ತಿಲ್ಲ. ಅಂಥ ಹೆಸರು ನಾನು ಬೇರೆಲ್ಲೂ ಕೇಳಿಲ್ಲ. ಸರಿಯಾಗಿ ಬರ್ಕೊಳ್ಳೋಕೆ ಎರಡು ಸಲ ಹೇಳಿಸ್ಕೊಂಡೆ.” ಆಕೆ ಮುದ್ರೆಯನ್ನು ಡ್ರಾಯರಿನೊಳಗೆ ಇಟ್ಟಳು.

“ಸಿಕ್ಕಮ್ಮ.”